ಟಂಟಂ ಮಾಮಾ ಗುಡ್ಡ ಸೇರಿದ ವರ್ಷ

ಚಳಿಗಾಲ ಶುರುವಾಗುವ ಮುಂಚೆ ನಮ್ಮ ಆಸ್ಪತ್ರೆಯ ಗೇಟಿನ ಹೊರಗೆ ಹೆಂಗಸರು ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂಡುತ್ತಾರೆ. ಮೊನ್ನೆ ಪಾಳಿ ಮುಗಿಸಿ ಹೊರಗೆ ಬಂದಾಗ ಒಂದು ಬುಟ್ಟಿಯಲ್ಲಿ ಹಣ್ಣುಗಳು ಅತಿಯಾಗಿ ಮಾಗಿ ಒಡೆದಿದ್ದವು. ಸಿಹಿ ಹೋಗಿ ಹುಳಿಗೆ ತಿರುಗುತ್ತಿದ್ದ ಆ ವಾಸನೆ ಮೂಗಿಗೆ ಬಡಿದದ್ದೇ ನಿಂತುಬಿಟ್ಟೆ. ಮಾರುವಾಕೆ ನನ್ನನ್ನು ಗಿರಾಕಿ ಎಂದುಕೊಂಡಳು.

"ದೇವದುರ್ಗದ ಕಡಿ ಗುಡ್ಡದ ಹಣ್ಣರೀ ಸಿಸ್ಟರ್, ತಗೋರಿ, ಬೆಲ್ಲ ಇದ್ದಂಗ ಅದಾವು."

ಗುಡ್ಡದ ಹಣ್ಣು ಎಂದಳಲ್ಲ, ಅಷ್ಟೇ ಸಾಕಾಯಿತು. ಏನೂ ಕೊಳ್ಳದೆ ಆಟೋ ಹತ್ತಿದೆ. ಮನೆ ಮುಟ್ಟುವವರೆಗೂ ಕಣ್ಣ ಮುಂದೆ ಆತನೇ ಇದ್ದ.

ಆತ ನಮ್ಮ ಪಕ್ಕದ ಮನೆಯವನು. ಜನ ತುಂಬಿ ಒಯ್ಯುವ ಮೂರು ಗಾಲಿಯ ಟಂಟಂ ಗಾಡಿ ಓಡಿಸುತ್ತಿದ್ದ. ಅದಕ್ಕೆ ಓಣಿಯ ನಾವೆಲ್ಲ ಆತನನ್ನು ಟಂಟಂ ಮಾಮಾ ಎಂದೇ ಕರೆಯುತ್ತಿದ್ದೆವು. ದೇವದುರ್ಗದಿಂದ ತುಸು ದೂರದ ನಮ್ಮ ಊರಿನ ಬೆನ್ನಿಗೇ ಗುಡ್ಡ. ಒಂದರ ಮೇಲೊಂದು ಕೂತ ಬಂಡೆಗಳು, ನಡುನಡುವೆ ಮುಳ್ಳುಕಂಟಿ, ಸೀತಾಫಲದ ಗಿಡಗಳು. ಊರಲ್ಲಿ ಹೊಲದ ಕೆಲಸ ಮುಗಿದ ಮೇಲೆ ನಮ್ಮ ಹೆಂಗಸರು ಹತ್ತಿ ಬಿಡಿಸಲು ಮಾನ್ವಿ ಕಡೆಯ ನೀರಾವರಿ ಹೊಲಗಳಿಗೆ ಹೋಗುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ಅವರನ್ನು ತುಂಬಿಕೊಂಡು ಬಾಗಲವಾಡದ ಕಡೆ ಹೋಗಿ, ಹೊತ್ತು ಮುಳುಗುವಾಗ ತಿರುಗಿ ತರುವುದು ಮಾಮಾನ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅವ್ವನೂ ಆ ಗಾಡಿಯಲ್ಲೇ ಹೋಗುತ್ತಿದ್ದಳು. ಅವ್ವನನ್ನು ಆತ ಅಕ್ಕಾ ಎನ್ನುತ್ತಿದ್ದ. ನಾನು ಕಾಲೇಜಿಗೆ ಸೇರಿ ರಾಯಚೂರಿನ ಹಾಸ್ಟೆಲ್ಲಿಗೆ ಹೊರಟ ದಿನ ನನ್ನ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿದವನು ಆತನೇ.

ಮಾಮಾ ಇದ್ದಲ್ಲಿ ನಗು ಇರುತ್ತಿತ್ತು. ಪಂಚಾಯ್ತಿ ಮೆಂಬರರ ನಡಿಗೆ, ಬಸ್ ಕಂಡಕ್ಟರರ ಕೂಗು, ತನ್ನ ಹೆಂಡತಿಯ ಗೊರಕೆ... ಯಾವುದನ್ನೂ ಬಿಡುತ್ತಿರಲಿಲ್ಲ. ದಿನವಿಡೀ ಸೊಂಟ ಬಗ್ಗಿಸಿ ಹತ್ತಿ ಬಿಡಿಸಿದ ಹೆಂಗಸರು ಅಷ್ಟು ದೂರ ಕೂತು ಬಂದರೂ ನಗುತ್ತಲೇ ಇಳಿಯುತ್ತಿದ್ದರು. ಅವ್ವನಂತೂ ಒಲೆಯ ಮುಂದೆ ಒಬ್ಬಳೇ ಕೂತಾಗಲೂ ಏನೋ ನೆನೆದು ಸೆರಗು ಬಾಯಿಗೆ ಹಿಡಿದು ನಗುವಳು. "ಏನವ್ವಾ?" ಎಂದರೆ "ಆ ಹುಚ್ಚಪ್ಪಂದು" ಎನ್ನುವಳು.

ಅಂಥವನು ಮಹಾ ಪುಕ್ಕಲ. ನಾಯಿ ಕಂಡರೆ ಅಂಜುವನು. ಕತ್ತಲಾದ ಮೇಲೆ ಹಿತ್ತಿಲಿಗೆ ಹೋಗಬೇಕಾದರೆ ಓಣಿಗೆಲ್ಲ ಕೇಳುವಂತೆ ಕೆಮ್ಮುತ್ತ ಹೋಗುತ್ತಿದ್ದ. ಗುಡ್ಡದಲ್ಲಿ ಕರಡಿ ಇದೆಯೆಂದು ಗೊತ್ತಾದಾಗಿನಿಂದ ಹಗಲಲ್ಲೂ ಆ ಕಡೆ ಸುಳಿದವನಲ್ಲ.

ಆ ವರ್ಷ ದೀಪಾವಳಿ ರಜೆಗೆ ಊರಿಗೆ ಬಂದಿದ್ದೆ. ಒಂದು ದಿನ ನಾನೂ ಹತ್ತಿ ಬಿಡಿಸಲು ಬರುತ್ತೇನೆಂದು ಎದ್ದು ಕೂತಿದ್ದೆ. ಅವ್ವ ಬೇಡವೆಂದಳು, ಪರೀಕ್ಷೆ ಹತ್ತಿರ ಬಂತು, ಓದಿಕೋ ಎಂದಳು. ನಾನು ಮತ್ತೆ ಮಲಗಿದೆ. ಸಂಜೆ ಬರುವಾಗ ಟಂಟಂ ರಸ್ತೆ ಬಿಟ್ಟು ಮೋರಿಯೊಳಗೆ ಬಿತ್ತು. ಹಲವರಿಗೆ ಕೈಕಾಲು ಮುರಿದವು. ಸತ್ತವಳು ಅವ್ವ ಒಬ್ಬಳೇ. ಮಾಮಾನೇ ಅವಳನ್ನು ಎತ್ತಿಕೊಂಡು ದಾರಿಯಲ್ಲಿ ಬಂದ ಟ್ರ್ಯಾಕ್ಟರಿನಲ್ಲಿ ಮಲಗಿಸಿದನಂತೆ. ಸ್ವಲ್ಪ ದೂರ ಹೋಗುವುದರಲ್ಲಿ ಅವ್ವನ ಕೈ ತಣ್ಣಗಾಯಿತಂತೆ. ಆತ ಟ್ರ್ಯಾಕ್ಟರಿನಿಂದ ಜಿಗಿದು, ಹೊಲಗಳಲ್ಲಿ ಬಿದ್ದು ಎದ್ದು ಓಡಿದನಂತೆ. ಮರುದಿನ ನಸುಕಿಗೆ ಗುಡ್ಡ ಹತ್ತುತ್ತಿದ್ದುದನ್ನು ಕುರಿಯವರು ದೂರದಿಂದ ಕಂಡರು.

"ಎಮ್ಮಿ ಅಡ್ಡ ಬಂತವ್ವಾ, ಆತ ಏನ್ ಮಾಡ್ಯಾನ?" ಎಂದರು ಗಾಡಿಯಲ್ಲಿದ್ದ ಹೆಂಗಸರು. ಪೊಲೀಸರ ಮುಂದೆಯೂ ಅದನ್ನೇ ಹೇಳಿದರು. ನನ್ನ ಅಣ್ಣ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಅವ್ವನಿಗೆ ಮಣ್ಣು ಕೊಟ್ಟು ಬಂದವನೇ ಕೊಡಲಿ ತೆಗೆದುಕೊಂಡು ಗುಡ್ಡದ ಕಡೆ ಹೊರಟ. ಹಿಡಿಯಲು ಹೋದವರು ಅವನ ಕೆಂಡದಂಥ ಮುಖ ಕಂಡು ದಾರಿ ಬಿಟ್ಟರು. ಸಂಜೆ ಮೈಯೆಲ್ಲ ಮುಳ್ಳು ಗೀರಿಸಿಕೊಂಡು ಬರಿಗೈಯಲ್ಲಿ ಬಂದ. ಮರುದಿನ ಮತ್ತೆ ಹೋದ.

ಪೊಲೀಸರೂ ಬಂದು ಒಂದೆರಡು ಸಲ ಗುಡ್ಡ ಸುತ್ತಿದರು. ಆ ಬಂಡೆಗಳ ಸಂದುಗೊಂದಿಯಲ್ಲಿ ಒಬ್ಬ ಮನುಷ್ಯನನ್ನು ಹುಡುಕುವುದು ಹೇಗೆ? "ಹಸಿವಾದ್ರ ತಾನೇ ಇಳಿದು ಬರ್ತಾನ ಬಿಡ್ರಿ" ಎಂದು ಹೋದರು. ಆಮೇಲೆ ಊರಿಗೆ ಅದೇ ಮಾತು. ಚಹಾದಂಗಡಿಯಲ್ಲಿ, ಬೋರವೆಲ್ಲಿನ ಹತ್ತಿರ, ನಮ್ಮ ಮನೆಗೆ ಮಾತನಾಡಿಸಲು ಬಂದವರ ಬಾಯಲ್ಲೂ ಅದೇ. ಆ ಗುಡ್ಡದಲ್ಲಿ ಮನುಷ್ಯ ಬದುಕಬಹುದೇ?

"ಸೀತಾಫಲ ಅದಾವು, ಕಲ್ಲಿನ ದೊಣಿಯಾಗ ಮಳಿನೀರು ನಿಂತದ. ಯಾಕ ಬದುಕಂಗಿಲ್ಲ?"

"ಹಣ್ಣು ಇದ್ದಲ್ಲಿ ಕರಡಿನೂ ಇರ್ತಾವಪ್ಪ. ನಮ್ಮ ಟಂಟಮ್ಮಿನವ ಅಲ್ಲಿ ಇರ್ತಾನಾ? ಎದಿ ಒಡದು ಎಂದೋ ಸತ್ತಿರ್ತಾನ."

ಯಾರೋ ಬಂಡೆಯ ಮರೆಯಲ್ಲಿ ಹಣ್ಣಿನ ಬೀಜದ ರಾಶಿ ಕಂಡೆ ಎಂದರು. ಇನ್ನಾರೋ ಹದ್ದು ಸುತ್ತುವುದನ್ನು ಕಂಡೆ ಎಂದರು. ಮಾಮಾನ ಹೆಂಡತಿ, ನಾವು ಅತ್ತಿ ಎನ್ನುತ್ತಿದ್ದೆವು, ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದಳು. ಒಂದೇ ಗೋಡೆಯ ಆಚೆ ಅವಳು ಅಳುವುದು ನಮಗೆ ಕೇಳಿಸುತ್ತಿತ್ತು, ನಾವು ಅಳುವುದು ಅವಳಿಗೆ.

ಅವ್ವನನ್ನು ಹೂಳಿದ ಜಾಗ ಗುಡ್ಡದ ಬುಡದಲ್ಲೇ ಇದೆ. ನಾನು ದಿನಾ ಬೆಳಿಗ್ಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಒಂದು ದಿನ ಮಣ್ಣಿನ ಮೇಲೆ, ತಲೆಯ ಕಡೆ, ಎಲೆ ಹಾಸಿ ಸೀತಾಫಲ ಇಟ್ಟಿದ್ದು ಕಂಡಿತು. ಮಾಗಿದ ಹಣ್ಣುಗಳು, ಒಂದನ್ನೂ ಹಕ್ಕಿ ಕುಕ್ಕಿರಲಿಲ್ಲ. ಆರಿಸಿ ತಂದದ್ದು. ಬದುಕಿದ್ದಾನೆ... ಮೊದಲು ಬಂದದ್ದು ಸಿಟ್ಟಲ್ಲ, ಸಮಾಧಾನ. ಅವ್ವನ ಮಣ್ಣು ಇನ್ನೂ ಆರಿರಲಿಲ್ಲ, ನನಗೆ ಅವಳ ಜೀವ ಕಳೆದವನು ಬದುಕಿದ್ದಾನೆಂದು ಸಮಾಧಾನ! ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಮನೆಗೆ, ಅಜ್ಜಿಯ ಹತ್ತಿರ ಓಡಿದೆ.

ಅವ್ವ ಅಜ್ಜಿಗೆ ಒಬ್ಬಳೇ ಮಗಳು. ಅಜ್ಜಿ ಎಲ್ಲ ಕೇಳಿದಳು. ಮರುದಿನ ಎರಡು ರೊಟ್ಟಿಯಲ್ಲಿ ಶೇಂಗಾ ಹಿಂಡಿ ಇಟ್ಟು ಬಟ್ಟೆಯಲ್ಲಿ ಕಟ್ಟಿದಳು.

"ಯಾಕ ಯವ್ವಾ?" ಎಂದೆ.

"ನನ್ನ ಮಗಳಿಗಿ ಎಡಿ" ಎಂದಳು. "ಯಾರು ತಿಂತಾರೋ ತಿನ್ನಲಿ."

ಹೀಗೆ ಕೆಲವು ದಿನ ನಡೆಯಿತು. ಅಣ್ಣ ಹಗಲೆಲ್ಲ ಮೇಲೆ ಹುಡುಕುತ್ತಿದ್ದ, ನಾನು ಕೆಳಗೆ ರೊಟ್ಟಿ ಇಟ್ಟು ಬರುತ್ತಿದ್ದೆ. ಊಟಕ್ಕೆ ಕೂತಾಗ ಅಣ್ಣನ ಮುಖ ನೋಡಲು ಆಗುತ್ತಿರಲಿಲ್ಲ. ಒಂದು ಮುಂಜಾನೆ ಬಂಡೆಯ ಹಿಂದಿನಿಂದ ಆತನೇ ಎದ್ದು ಬಂದ. ಗುರುತು ಸಿಗಲಿಲ್ಲ. ಗಡ್ಡ ಬೆಳೆದಿತ್ತು, ತುಟಿಗಳು ಒಡೆದಿದ್ದವು, ಒಂದು ಕಾಲಿಗೆ ಚಿಂದಿ ಸುತ್ತಿದ್ದ. ದೂರದಲ್ಲೇ ಕುಕ್ಕರಗಾಲಲ್ಲಿ ಕೂತ.

"ಎಮ್ಮಿ ಬಂದಿದ್ದಿಲ್ಲವ್ವಾ" ಎಂದ.

ನನಗೆ ತಿಳಿಯಲಿಲ್ಲ.

"ಅವರೆಲ್ಲ ಎಮ್ಮಿ ಬಂತು ಅಂದ್ರಂತಲ್ಲ... ಕುರಿಯವರು ಮಾತಾಡೋದು ಕೇಳಿದೆ. ಸುಳ್ಳದು. ನಾನೇನೋ ಚ್ಯಾಷ್ಟಿ ಮಾಡಿದೆ. ಎಲ್ಲಾರೂ ನಕ್ರು. ಅಕ್ಕ ಭಾಳ ನಕ್ಕಳು. ಅಕಿ ನಗೋದು ನೋಡಬೇಕಂತ ಹೊಳ್ಳಿ ನೋಡಿದೆ. ಅಷ್ಟರಾಗ..."

ಅಷ್ಟಕ್ಕೇ ಅಳತೊಡಗಿದ. ಗಂಡಸೊಬ್ಬ ಹಾಗೆ ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಬಾಯಿಗೆ ಟವೆಲು ತುರುಕಿಕೊಂಡು, ಸದ್ದು ಹೊರಗೆ ಬಾರದಂತೆ.

"ಇಳಿದು ಬಾ ಮಾಮಾ. ಅಣ್ಣಗ ನಾವು ಹೇಳ್ತೀವಿ" ಎಂದೆ.

"ನಿಮ್ಮಣ್ಣ ಕಡಿತಾನಂತ ಅಂಜಿಲ್ಲವ್ವಾ. ಕಡೀದೆ ಬಿಟ್ಟಾನಂತ ಅಂಜಾಕತ್ತೀನಿ."

ಎದ್ದು ಕುಂಟುತ್ತ ಹೋಗಿಬಿಟ್ಟ. ಮನೆಗೆ ಬಂದು ಅಜ್ಜಿಗೆ ಅಕ್ಷರ ಬಿಡದೆ ಹೇಳಿದೆ. ಅಣ್ಣ ಬಾಗಿಲಲ್ಲೇ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ನಾನು ಅವನು ಕೊಡಲಿಗೆ ಕೈ ಹಾಕುತ್ತಾನೆಂದುಕೊಂಡೆ. ಅವನು ಗೋಡೆಗೆ ಒರಗಿ ಕೂತ. "ಅವ್ವ ನಗಾಕತ್ತಿದ್ಲಾ?" ಎಂದು ಕೇಳಿದ. ಹೂಂ ಎಂದೆ. ಮತ್ತೆ ಅದನ್ನೇ ಕೇಳಿದ.

ಅಂದು ಮಧ್ಯಾಹ್ನ ಅಜ್ಜಿ ಕೋಲೂರಿಕೊಂಡು ಗುಡ್ಡದ ಕಡೆ ನಡೆದಳು. ನಾನು ಜೊತೆಗೆ. ಅಣ್ಣ ಬರಿಗೈಯಲ್ಲಿ ಹಿಂದೆ ಬಂದ. ನಮ್ಮನ್ನು ಕಂಡು ಊರೇ ಹಿಂದೆ ಹೊರಟಿತು. ಬುಡದ ಬಂಡೆಯ ಮೇಲೆ ನಿಂತು ಅಜ್ಜಿ ತನ್ನ ಶಕ್ತಿಯನ್ನೆಲ್ಲ ಗಂಟಲಿಗೆ ತಂದುಕೊಂಡು ಕೂಗಿದಳು.

"ಲೇ, ಇಳಿದು ಬಾ! ಒಬ್ಬಾಕಿನ ಮಣ್ಣು ಮಾಡಿ ಕುಂತೀನಿ, ನಿನ್ನೂ ಮಾಡಂತೀಯಾ? ನನ್ನ ಮಗಳು ನಿನಗ ತಮ್ಮಾ ಅಂದಾಳ. ನನಗ ಉತ್ತರ ಹೇಳು ಬಾ, ಕಲ್ಲಿಗಿ ಹೇಳಬ್ಯಾಡ!"

ಅಜ್ಜಿ ಕೂಗುವುದನ್ನು ಬಿಡಲಿಲ್ಲ. ದನಿ ಒಡೆದು ಬರೀ ಗಾಳಿ ಬರತೊಡಗಿದಾಗ ಎರಡು ಬಂಡೆಗಳ ನಡುವಿನಿಂದ ಆತ ಕಾಣಿಸಿಕೊಂಡ. ಕೂತು ಕೂತು ಜಾರುತ್ತ ಇಳಿದ. ಬಂದವನು ಅಣ್ಣನ ಮುಂದೆ ತಲೆ ಬಗ್ಗಿಸಿ ನಿಂತ. ಅಣ್ಣ ಕೈ ಎತ್ತಿದ, ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದವನಂತೆ ಹಾಗೇ ಇಳಿಸಿ, ತಿರುಗಿ ಮನೆಗೆ ಹೋದ. ಮಾಮಾ ಅಲ್ಲೇ ಕುಸಿದ. ಅಜ್ಜಿ ಆತನ ಪಕ್ಕ ಕೂತು ನೀರು ಕುಡಿಸಿದಳು. ಆಮೇಲೆ ಬೆನ್ನಿಗೆ ಎರಡು ಗುದ್ದಿದಳು, ಮತ್ತೆ ಕುಡಿಸಿದಳು.

ಆತ ದೇವದುರ್ಗಕ್ಕೆ ಹೋಗಿ ಪೊಲೀಸರಿಗೆ ಒಪ್ಪಿಸಿಕೊಂಡ. ಎಮ್ಮೆ ಬಂದಿರಲಿಲ್ಲ ಎಂದು ತಾನೇ ಹೇಳಿದ. ಸಾಕ್ಷಿ ಹೇಳಿದ್ದ ಹೆಂಗಸರು ಆತನಿಗೆ ಬೈದರು, "ನಾವೂ ನಕ್ಕಿದ್ದಿವಲ್ಲೋ" ಎಂದು ಒಬ್ಬಾಕೆ ಅತ್ತಳು. ಶಿಕ್ಷೆಯಾಯಿತು, ಮುಗಿಸಿ ಬಂದ. ಮತ್ತೆ ಗಾಡಿ ಮುಟ್ಟಲಿಲ್ಲ. ಕುರಿ ಕಾಯಲು ನಿಂತ, ಅದೇ ಗುಡ್ಡದಲ್ಲಿ. ಯಾರ ಮುಖವನ್ನೂ ನೋಡಿ ಮಾತನಾಡುತ್ತಿರಲಿಲ್ಲ. ಆತ ಯಾರದಾದರೂ ನಡಿಗೆಯನ್ನೋ ದನಿಯನ್ನೋ ಅಣಕಿಸಿದ್ದನ್ನು ಊರು ಮತ್ತೆ ಕಾಣಲಿಲ್ಲ.

ನಾನು ನರ್ಸಿಂಗ್ ಕಲಿತು ರಾಯಚೂರಿನಲ್ಲೇ ನಿಂತೆ. ಹೋದ ವರ್ಷ ಆತನನ್ನು ನನ್ನ ವಾರ್ಡಿಗೇ ತಂದು ಸೇರಿಸಿದರು. ಲಿವರ್ ಪೂರ್ತಿ ಕೆಟ್ಟಿತ್ತು. ಪಾಳಿಯ ನಡುವೆ ಬಿಡುವಾದಾಗ ಹತ್ತಿರ ಕೂಡುತ್ತಿದ್ದೆ. ಗುಡ್ಡದ ದಿನಗಳ ಬಗ್ಗೆ ಆತ ಮಾತನಾಡಿದ್ದು ಆಗಲೇ, ಅದೂ ತುಂಡುತುಂಡಾಗಿ. ದೊಣೆಯ ಹಸಿರು ನೀರನ್ನು ಟವೆಲಿನಲ್ಲಿ ಸೋಸಿ ಕುಡಿದದ್ದು. ಬಂಡೆಯ ಸಂದಿಯಲ್ಲಿ ಮಲಗಿ ಮುಳ್ಳಿನ ಟೊಂಗೆ ಅಡ್ಡ ಎಳೆದುಕೊಳ್ಳುತ್ತಿದ್ದುದು. ಒಮ್ಮೆ ಕರಡಿ ಬಂದು ಮುಳ್ಳಿನ ಆಚೆಯೇ ಕೂತು ಹಣ್ಣು ತಿಂದು ಹೋದದ್ದು.

"ಅಂಜಿಕಿ ಆಗಲಿಲ್ಲೇನು ಮಾಮಾ?"

"ಇಲ್ಲವ್ವಾ. ಅದು ತಿಂದು ಹೋಗ್ತದಂತ ಗೊತ್ತಿತ್ತು. ಹೋಗಲಾರದ್ದು ಬ್ಯಾರೇನೇ ಇತ್ತು."

ಒಂದು ಮಧ್ಯಾಹ್ನ ಪಕ್ಕದ ಮಂಚದ ಮುದುಕರೊಬ್ಬರು ನಮ್ಮ ಡಾಕ್ಟರು ಕನ್ನಡಕ ಸರಿಮಾಡಿಕೊಳ್ಳುವ ಬಗೆಯನ್ನು ಮಾಡಿ ತೋರಿಸಿದರು. ವಾರ್ಡೆಲ್ಲ ನಕ್ಕಿತು. ಮಾಮಾನೂ ನಕ್ಕ, ಗಟ್ಟಿಯಾಗಿ, ಹಳೆಯ ಹಾಗೆ. ನಕ್ಕವನೇ ನನ್ನನ್ನು ಕಂಡ. ಸಲೈನ್ ಸೂಜಿ ಚುಚ್ಚಿದ್ದ ಕೈಯನ್ನೇ ಎತ್ತಿ ಬಾಯಿ ಮುಚ್ಚಿಕೊಂಡ.

ನಗು ಮಾಮಾ, ಅವ್ವ ಏನೂ ಅಂದುಕೊಳ್ಳುವುದಿಲ್ಲ... ಇಷ್ಟು ಹೇಳಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಹಾಗೆ ಹೇಳಲು ನಾನು ಯಾರು? ಅವ್ವನ ಪರವಾಗಿ ಮಾಫಿ ಕೊಡುವ ಹಕ್ಕು ನನಗಿತ್ತೇ? ಸೂಜಿ ಸರಿಮಾಡಿ ಮುಂದಿನ ಮಂಚಕ್ಕೆ ಹೋದೆ. ಆ ವಾರವೇ ಆತ ಹಟ ಮಾಡಿ ಡಿಸ್ಚಾರ್ಜ್ ಮಾಡಿಸಿಕೊಂಡು ಊರಿಗೆ ಹೋದ. ಸ್ವಲ್ಪ ದಿನಕ್ಕೆ ಅಣ್ಣನ ಫೋನು ಬಂತು. "ಮಾಮಾ ಹೋದ" ಎಂದ. ಅಷ್ಟು ವರ್ಷಗಳಲ್ಲಿ ಅಣ್ಣನ ಬಾಯಲ್ಲಿ ಆ ಶಬ್ದ ಬಂದದ್ದು ಅದೇ ಮೊದಲು. ಕುಣಿ ತೋಡಲು ತಾನೂ ಹೋಗಿದ್ದೆ ಎಂದು ಆಮೇಲೆ ಹೇಳಿದ. ನನಗೆ ರಜೆ ಸಿಗಲಿಲ್ಲ. ಸಿಕ್ಕಿದ್ದರೂ ಹೋಗುತ್ತಿದ್ದೆನೋ ಇಲ್ಲವೋ, ಈಗ ಹೇಳಲಾರೆ.

ಆ ಸೀತಾಫಲದ ಬುಟ್ಟಿ ಕಂಡ ಮೇಲೆ, ಮುಂದಿನ ಭಾನುವಾರವೇ ಊರಿಗೆ ಹೋಗಿ ಬಂದೆ. ಅಜ್ಜಿಯೂ ಈಗಿಲ್ಲ. ಅಣ್ಣನ ಜೊತೆ ಗುಡ್ಡದ ಬುಡಕ್ಕೆ ಹೋದೆ. ಅವ್ವನ ಕಲ್ಲಿನಿಂದ ಕೆಲವೇ ಹೆಜ್ಜೆ ಆಚೆ ಮಾಮಾನ ಮಣ್ಣು, ಅದರ ಮೇಲೆ ಆಗಲೇ ಹುಲ್ಲು ಬೆಳೆದಿದೆ. ಎರಡರ ನಡುವೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ. ಯಾರಿಗಾಗಿ ಅಳುತ್ತಿ ಎಂದು ಅಣ್ಣ ಕೇಳಲಿಲ್ಲ. ಕೇಳಿದ್ದರೆ, ಅವ್ವನಿಗಾಗಿ ಎಂದು ಸುಳ್ಳು ಹೇಳುತ್ತಿದ್ದೆ.