ಎರಡನೇ ಜ್ವರದ ತಾರೀಖು

ಆ ದಿನದ ಡೈರಿ ಮೇಜಿನ ಮೇಲಿದೆ. ಇನ್ನೂ ತೆರೆದಿಲ್ಲ. ಮೊದಲು ನೆನಪಿರುವುದನ್ನು ಬರೆದು ಆಮೇಲೆ ಹೋಲಿಸಿ ನೋಡಬೇಕು. ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬ ಗುಮಾನಿ ಹಳೆಯದು.

ಎರಡು ಸಾವಿರದ ದಶಕದ ನಡುಭಾಗ. ರಾಮನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನನ್ನು ಮೊದಲ ಸಲ ಪ್ರಾಜೆಕ್ಟ್ ಮ್ಯಾನೇಜರ್ ಮಾಡಿದ್ದರು. ಕೈಕೆಳಗೆ ಇಬ್ಬರು ಪ್ರೋಗ್ರಾಮರ್‌ಗಳು. ಕೆಲಸ ಕೈಲಾಂಚದ ಕಡೆಯ ಚಾಕಿ ಕೇಂದ್ರದ್ದು. ಮೊಟ್ಟೆಯೊಡೆದು ಬಂದ ರೇಷ್ಮೆಹುಳುಗಳನ್ನು ಅಲ್ಲಿ ಬೆಚ್ಚನೆಯ ಕೋಣೆಯಲ್ಲಿ ಸಾಕಿ, ಎರಡನೇ ಜ್ವರ ದಾಟಿದ ಮೇಲೆ ರೈತರಿಗೆ ಕೊಡುತ್ತಿದ್ದರು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ಅಲ್ಲಾಡದೆ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಯಾರ ಹುಳು ಯಾವ ದಿನ ಸಿದ್ಧ ಎಂದು ನಮ್ಮ ಪ್ರೋಗ್ರಾಂ ಮೊದಲೇ ತಾರೀಖು ಕೊಡಬೇಕಿತ್ತು.

ಪ್ರಾಜೆಕ್ಟ್ ನಡೆಸುವುದರ ಬಗ್ಗೆ ನನಗೆ ಗೊತ್ತಿದ್ದದ್ದು ಎರಡು ದಿನದ ತರಬೇತಿಯಷ್ಟೇ. ಗಿರಾಕಿಗೆ ಏನು ಬೇಕೆಂದು ಕೇಳಿ ಬರೆದುಕೋ, ಕೆಲಸವನ್ನು ಸಣ್ಣ ತುಂಡು ಮಾಡು, ಏನೇನು ಕೆಡಬಹುದೆಂದು ಪಟ್ಟಿ ಮಾಡು. ಪಟ್ಟಿಯಲ್ಲಿ ಬರೆದಿದ್ದೆ: ಕರೆಂಟ್ ಹೋದರೆ ಯುಪಿಎಸ್ ಇದೆ. ಕಂಪ್ಯೂಟರಿನ ಚಿಂತೆ ಅಷ್ಟೇ. ಹುಳುಗಳ ಕೋಣೆಯ ಹೀಟರ್‌ಗಳೂ ಅದೇ ಕರೆಂಟಿನಲ್ಲಿ ನಡೆಯುತ್ತಿದ್ದವು.

ಕೇಂದ್ರದಲ್ಲಿ ಹುಳು ನೋಡಿಕೊಳ್ಳುತ್ತಿದ್ದ ವಯಸ್ಸಾದ ಮೇಸ್ತ್ರಿ ಮೊದಲ ಭೇಟಿಯಲ್ಲೇ ಎಚ್ಚರಿಸಿದ್ದರು. "ಚಳೀಲಿ ಕರೆಂಟು ಹೋಗಿ ರೂಮು ತಣ್ಣಗಾದ್ರೆ ಜ್ವರ ತಡವಾಯ್ತದೆ ಮೇಡಂ. ಒಂದಿನಾನೂ ಆಗಬೋದು, ಎರಡಿನಾನೂ ಆಗಬೋದು." ಅದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಪ್ರೋಗ್ರಾಂಗೆ ಸೇರಿಸಲಿಲ್ಲ. ಸೇರಿಸಲು ಇನ್ನೆರಡು ವಾರ ಬೇಕೆಂದು ಹುಡುಗರು ಹೇಳಿದ್ದರು; ಅವರನ್ನು ಕೇಳುವ ಮೊದಲೇ ನಾನು ಕೇಂದ್ರದ ಮಾಲೀಕರಿಗೆ ಮುಗಿಸುವ ದಿನ ಹೇಳಿಬಿಟ್ಟಿದ್ದೆ. ಮಾಲೀಕರ ಮುಂದೆ ಹೋಗಿ ಇನ್ನೆರಡು ವಾರ ಕೊಡಿ ಎನ್ನಲು ಹೆದರಿಕೆ.

ಡಿಸೆಂಬರಿನ ಒಂದು ಬೆಳಿಗ್ಗೆ ಕೇಂದ್ರದಿಂದ ಫೋನ್ ಬಂತು. ಓಡಿದೆ. ಪ್ರಿಂಟ್ ಆದ ತಾರೀಖು ನಂಬಿ ಹತ್ತಾರು ರೈತರು ಬೈಕು, ಗೂಡ್ಸ್ ಆಟೋ ತಂದು ನಿಂತಿದ್ದರು. ಹಿಂದಿನ ವಾರವೆಲ್ಲ ಕರೆಂಟ್ ಕೈಕೊಟ್ಟಿತ್ತು. ಟ್ರೇಗಳಿಂದ ಸೊಪ್ಪು ತಿನ್ನುವ ಸಣ್ಣ ಸದ್ದು ಕೇಳುತ್ತಿತ್ತು.

"ಇನ್ನೂ ಜ್ವರಕ್ಕೆ ಕೂತಿಲ್ಲ ಕಣಪ್ಪ. ಈಗ ತಕೊಂಡೋದ್ರೆ ನಿಮ್ಮನೆ ಚಳೀಲಿ ಸತ್ತೋಯ್ತವೆ" ಎಂದು ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತಿದ್ದರು.

"ಕಂಪ್ಯೂಟ್ರು ನಮಗೆ ಹೇಳ್ತು, ಹುಳಕ್ಕೆ ಹೇಳ್ನಿಲ್ವಾ?" ಎಂದ ಒಬ್ಬ.

ತಲೆಗೆ ಟವೆಲ್ ಸುತ್ತಿದ್ದ ಹೆಂಗಸೊಬ್ಬರು ನನ್ನತ್ತ ತಿರುಗಿದರು. "ಆ ಡಬ್ಬಕ್ಕೂ ಒಸಿ ಸೊಪ್ಪಾಕಿ ನೋಡವ್ವ, ಅದಾದ್ರೂ ಜ್ವರಕ್ಕೆ ಕೂರ್ತದೇನೋ!"

ಎಲ್ಲರೂ ನಕ್ಕರು. ಮಾಲೀಕರು ನಗಲಿಲ್ಲ. "ಕೊಟ್ಟು ಕಳಿಸು" ಎಂದರು ಮೇಸ್ತ್ರಿಗೆ. ಅವರು ಕದಲದಿದ್ದಾಗ ನನ್ನ ಕಡೆ ನೋಡಿದರು. "ಮೇಡಂ, ತಾರೀಖು ಹಿಂದೆ ಮುಂದೆ ಆಯ್ತದೆ ಅಂತ ಇವನು ನಿಮಗೆ ಹೇಳಿದ್ನಾ? ಹೇಳಿಲ್ಲ ಅಂದ್ರೆ ನಾಳೆಯಿಂದ ಇವನು ಬರೋದು ಬೇಡ."

"ಹೇಳಿದ್ದೆ ಸ್ವಾಮಿ" ಎಂದರು ಮೇಸ್ತ್ರಿ. ನನ್ನನ್ನು ನೋಡಲಿಲ್ಲ.

ನಾನು ತಕ್ಷಣವೇ, ಗಟ್ಟಿಯಾಗಿ, "ಹೇಳಿದ್ದರು. ಬಿಟ್ಟದ್ದು ನಾನು" ಎಂದೆ. ಎರಡು ದಿನ ಬಿಟ್ಟು ಬನ್ನಿ ಎಂದು ಮಾಲೀಕರು ರೈತರನ್ನು ಕಳಿಸಿದರು. ಹುಳುಗಳು ಅಷ್ಟು ದಿನ ಅಲ್ಲೇ ಉಳಿದವು, ಬದುಕಿದವು. ಮೇಸ್ತ್ರಿಯ ಕೆಲಸವೂ ಉಳಿಯಿತು. ನನಗೆ ನೆನಪಿರುವುದು ಇಷ್ಟು.

ಈಗ ಡೈರಿ ತೆರೆದಿದ್ದೇನೆ. ನನ್ನದೇ ಅಕ್ಷರ:

"ಮಾಲೀಕರು ಮೂರು ಸಲ ಕೇಳಿದರು. ಮೊದಲ ಸಲ 'ಸರಿಯಾಗಿ ನೆನಪಿಲ್ಲ ಸರ್' ಅಂದೆ. ಎರಡನೇ ಸಲ ಸುಮ್ಮನಿದ್ದೆ. ಮೇಸ್ತ್ರಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಮೊದಲ ಟ್ರೇ ಹೊರಗೆ ಬಂದಾಗ, ಮೂರನೇ ಸಲಕ್ಕೆ, 'ಹೇಳಿದ್ದರು' ಅಂದೆ."

ಮತ್ತೆ ಮತ್ತೆ ಓದಿದೆ. ಆ ಎರಡು ಸಲ ನನ್ನೊಳಗೆ ಎಲ್ಲಿಯೂ ಇಲ್ಲ. ಒಂದು ಟ್ರೇ ಹೊರಬರುವವರೆಗೆ ನಾನು ಕಾದಿದ್ದೆ.

ಆಮೇಲಿನದೊಂದು ನೆನಪಿದೆ. ಪ್ರೋಗ್ರಾಂ ತಿದ್ದುವಾಗ ತಾರೀಖಿನ ಜಾಗ ಖಾಲಿ ಬಿಟ್ಟೆವು. ಹುಳು ನೋಡಿದ ಮೇಲೆ ಮೇಸ್ತ್ರಿಯೇ ತುಂಬುತ್ತಿದ್ದರು. ಅವತ್ತಿನಿಂದ ಅವರು ನನಗೆ ಏನೇ ಹೇಳಿದರೂ ನಾನು ಬರೆದು ಮುಗಿಸುವವರೆಗೆ ನಿಂತಿರುತ್ತಿದ್ದರು. "ಕೆಳಗೆ ಒಂದು ಸೈನ್ ಹಾಕ್ಬುಡಿ ಮೇಡಂ" ಎನ್ನುತ್ತಿದ್ದರು. ಎಷ್ಟು ಶಿಸ್ತಿನ ಮನುಷ್ಯ ಎಂದುಕೊಂಡಿದ್ದೆ. ಮುಂದೆ ಹೊಸದಾಗಿ ಮ್ಯಾನೇಜರ್ ಆದವರಿಗೆಲ್ಲ ಅದನ್ನೇ ಮೊದಲ ಪಾಠವಾಗಿ ಹೇಳಿಕೊಟ್ಟೆ: ಗಿರಾಕಿ ಹೇಳಿದ್ದನ್ನು ಬರೆದುಕೊಳ್ಳಿ, ಕೆಳಗೆ ಸಹಿ ಹಾಕಿ.

ಅವರು ಹಾಗೆ ಕೇಳಿದ್ದು ಯಾಕೆಂದು ಇಷ್ಟು ವರ್ಷ ಒಮ್ಮೆಯೂ ಯೋಚಿಸಿರಲಿಲ್ಲ.