ಉಂಡ ಮನೆಯ ಹೆಸರು

ನಮ್ಮ ಯಜಮಾನರು ಹೊರದೇಶದ ಸಭೆಯಲ್ಲಿ ಮಾತಾಡಿದ ವಿಡಿಯೊ ಅವರಿಗಿಂತ ಮೊದಲೇ ಮಳವಳ್ಳಿಗೆ ಬಂತು. ನಾನು ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದೆ. ಎದುರಿನ ಬೇಕರಿಯವನು ರಸ್ತೆ ದಾಟಿ ಬಂದು ಫೋನನ್ನು ನನ್ನ ಮುಂದೆ ಹಿಡಿದ.

"ನೋಡಮ್ಮ, ನಿನ್ ಗಂಡ ಕೋಟು ಆಕವ್ನೆ. ಮದ್ವೇಲೂ ಇಂಗ್ ಕಂಡಿರ್ನಿಲ್ಲ ಕಣಮ್ಮ."

ಕೋಟು ಎರವಲಿನದು, ತೋಳು ಬೆರಳಿನವರೆಗೂ ಬಂದಿತ್ತು. ನನಗೂ ನಗು ಬಂತು.

ನಾನಾ ದೇಶದವರು ಕೂತು ಮಾನವ ಹಕ್ಕುಗಳ ದೂರು ಕೇಳುವ ಸಭೆ ಅದು. ಅವರು ಹೇಳುತ್ತಿದ್ದುದು ಮುತ್ತತ್ತಿ ಕಡೆಯ ಒಬ್ಬ ಕೂಲಿಯ ವಿಷಯ. ಬೆಲ್ಲ ಕಾಯಿಸುವ ಒಂದು ಆಲೆಮನೆಯಲ್ಲಿ ಅವನನ್ನೂ ಅವನ ಹೆಂಡತಿಯನ್ನೂ ಬೀಗ ಹಾಕಿ ದುಡಿಸುತ್ತಿದ್ದರು. ಗೋಡೆ ಹಾರಿ ಓಡಿದವನನ್ನು ಹಿಡಿದು ತಂದು, ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ಪಾಕಕ್ಕೆ ಅವನ ಬಲಗೈಯನ್ನು ಅದ್ದಿದರು. ಪಾಕ ನೀರಿನಂತಲ್ಲ. ಅಂಟಿಕೊಳ್ಳುತ್ತದೆ, ಕೈ ಹೊರಗೆ ತೆಗೆದ ಮೇಲೂ ಸುಡುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ಬೆಲ್ಲದ ಜೊತೆಗೆ ಚರ್ಮವೂ ಕಿತ್ತು ಬಂತು. ಮಂಡ್ಯದ ಕೋರ್ಟಿನಲ್ಲಿ ಅವನು ಸಾಕ್ಷಿ ಹೇಳುವವರೆಗೆ ಅವನ ಜೀವ ಉಳಿಯಬೇಕು. ನಮ್ಮ ಮುಂದಿದ್ದುದು ಅದೊಂದೇ ಕೆಲಸ. ಗಂಡಹೆಂಡಿರನ್ನು ಎಲ್ಲಿ ಇರಿಸಿದ್ದೇವೆ ಎಂಬುದು ನಮ್ಮ ಮನೆಯವರಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಕಡೆ ಊರ ನ್ಯಾಯ ಸೇರಿದಾಗ ಒಂದು ಪದ್ಧತಿಯಿತ್ತು. ಇನ್ನೊಬ್ಬರ ಪರ ಮಾತಾಡುವವನು, ಅವರಿಗೆ ಈಗ ಯಾರ ಮನೆಯಲ್ಲಿ ಊಟ ನಡೆಯುತ್ತಿದೆ ಎಂದು ಹೇಳಿಯೇ ಕೂರಬೇಕು. ಹೇಳದಿದ್ದರೆ ಹಿರಿಯರು ನಂಬುವುದಿಲ್ಲ, ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಎನ್ನುತ್ತಾರೆ. ನಮ್ಮ ಮಾವ ಹಾಗೆ ಎಷ್ಟೋ ಸಲ ಎದ್ದು ನಿಂತು ಹೇಳಿದ್ದರು. ಮಗ ಅವರ ಪಕ್ಕದಲ್ಲಿ ಕೂತು ಕೇಳುತ್ತ ಬೆಳೆದವರು. ಅಷ್ಟು ದೂರದ ಸಭೆಯಲ್ಲೂ ಕೊನೆಗೆ ಕೈಮುಗಿದು ಅದನ್ನೇ ಹೇಳಿದರು: "ಆ ಗಂಡ ಹೆಂಡತಿ ಈಗ ಯಲಿಯೂರಿನಲ್ಲಿ ನಮ್ಮ ಅತ್ತೆಯವರ ಮನೆಯಲ್ಲಿ ಉಣ್ಣುತ್ತಿದ್ದಾರೆ."

ಬೇಕರಿಯವನು ಇನ್ನೂ ನಗುತ್ತಿದ್ದ. ನಾನು ಅವನ ಫೋನನ್ನೇ ಕಿತ್ತುಕೊಂಡು ಅಮ್ಮನಿಗೆ ಮಾಡಿದೆ.

"ಅವ್ರಿಬ್ರುನ್ನೂ ಈಗ್ಲೇ ರೈಲು ಅತ್ತುಸು. ಮದ್ದೂರಿಗೆ, ಸಾಬ್ರ ಮನೆಗೆ."

"ಉಣ್ತಾ ಕುಂತವ್ರೆ ಕಣವ್ವ."

"ಎಬ್ಬುಸು."

ನಾನು ಬಸ್ಸು ಹಿಡಿದು ಯಲಿಯೂರು ತಲುಪುವಷ್ಟರಲ್ಲಿ ಆಲೆಮನೆಯವರ ಆಳುಗಳು ಬಂದು ಹೋಗಿದ್ದರು. ಅಮ್ಮ ಒಲೆಯ ಮುಂದೆ ಕೂತಿದ್ದಳು. ಬಲ ಮೊಣಕೈ ಹಿಂದಕ್ಕೆ ತಿರುಗಿತ್ತು. ಎರಡು ತಟ್ಟೆಯಲ್ಲಿ ಅರ್ಧ ಮುರಿದ ಮುದ್ದೆ ಹಾಗೇ ಇತ್ತು. ಎಲ್ಲಿ ಎಂದು ಕೇಳಿದವರಿಗೆ ಅಮ್ಮ, "ಉಂಡ್ರು, ಓದ್ರು. ನಿಮ್ಗೂ ಬೇಕಾದ್ರೆ ಕುಂತ್ಕಳಿ, ಇಕ್ತೀನಿ" ಅಂದಿದ್ದಳಂತೆ. ಮುದ್ದೆ ತೊಳಸುವ ಕೋಲಿನಿಂದಲೇ ಅವಳ ಕೈ ಮುರಿದಿದ್ದರು. ಠಾಣೆಯಲ್ಲಿ ನನ್ನ ದೂರು ಬರೆದುಕೊಳ್ಳುವ ಮೊದಲು, ನಿನ್ನ ಗಂಡ ಪರದೇಶಕ್ಕೆ ಹೋಗಿ ಊರ ಮಾನ ಕಳೆದದ್ದೇಕೆ ಎಂದು ಕೇಳಿದರು.

ಯಜಮಾನರು ಮರಳಿ ಬಂದವರು ಅಮ್ಮನ ಪ್ಲಾಸ್ಟರನ್ನು ನೋಡಿ ಹೊಸ್ತಿಲಲ್ಲೇ ಕೂತರು.

"ನನ್ ಬಾಯಿಂದ್ಲೇ ಆಯ್ತಲ್ಲ ಅತ್ತೆ."

"ನಿಮ್ಮಪ್ಪ ಕಲ್ಸಿದ್ದು ಏಳಿದ್ರಿ. ಅನ್ನ ಇಕ್ಕಿದ್ದೇನು ಕಳ್ತನವಾ? ಮೇಲೆದ್ದು ಕಾಲು ತೊಳ್ಕಳಿ," ಅಂದಳು ಅಮ್ಮ.

ಸಾಬರು ಮದ್ದೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟವರು, ಯಜಮಾನರ ಹಳೆಯ ಗೆಳೆಯರು. ಅಂಗಡಿಯ ಹಿಂದೆಯೇ ಅವರ ಮನೆ. ಗಂಡಹೆಂಡಿರು ಈಗ ಅಲ್ಲಿದ್ದರು. ಒಂದು ಮಧ್ಯಾಹ್ನ ಬೈಕಿನ ಚಕ್ರ ತೋರಿಸುವ ನೆಪದಲ್ಲಿ ನಾವಿಬ್ಬರೂ ಅವರನ್ನು ನೋಡಲು ಹೋದೆವು.

ಸಾಬರು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದುತ್ತಿದ್ದರು. "ಏನ್ ಸ್ವಾಮಿ, ಫಾರಿನ್ನಿಗೆ ಓಗ್ಬಂದ್ರೂ ಇದೇ ಲಡಾಸು ಗಾಡಿನಾ?" ಅಂದರು. ಯಜಮಾನರು ನಕ್ಕರು. ನಾನು ಕೇಳಿದ ಅವರ ಕೊನೆಯ ನಗು ಅದು.

ನಮ್ಮ ಬೆನ್ನು ಹತ್ತಿ ಬಂದಿದ್ದ ಜೀಪಿನಿಂದ ಇಳಿದ ಆಲೆಮನೆಯವರ ಆಳುಗಳ ಕೈಯಲ್ಲಿ ಕಬ್ಬಿಣದ ಸರಳುಗಳಿದ್ದವು. ಮೊದಲ ಏಟಿಗೆ ಯಜಮಾನರ ಮಂಡಿ ಒಡೆದ ಸದ್ದು ಕೇಳಿತು. ಅಡ್ಡ ಬಂದ ಸಾಬರ ದವಡೆಗೆ ಅವರದೇ ಸ್ಪ್ಯಾನರಿನಿಂದ ಹೊಡೆದರು. ನನ್ನ ಜುಟ್ಟು ಹಿಡಿದು ಕಂಬಕ್ಕೆ ಒತ್ತಿದರು. ಯಜಮಾನರ ಕತ್ತು ಹಿಡಿದು ತೊಟ್ಟಿಯಲ್ಲಿ ಮುಳುಗಿಸಿ ಎತ್ತಿದರು.

"ಅಲ್ಲೆಲ್ಲೋ ಏಳಿದ್ಯಲ್ಲ, ಇಲ್ಲೂ ಏಳ್ಲಾ. ಈಗ ಯಾರ ಮನೇಲ್ ಉಣ್ತಾವ್ರೆ?"

ಯಜಮಾನರು ನನ್ನನ್ನು ನೋಡಿದರು. ಮತ್ತೆ ಮುಳುಗಿಸಿದರು. ಗುಳ್ಳೆಗಳು ಬಂದವು, ಟ್ಯೂಬಿನ ತೂತು ಹುಡುಕುವಾಗ ಬರುವಂಥವೇ. ನೀರು ಕೆಂಪಾಯಿತು. ಹಿಂದಿನ ಮನೆಯ ಬಾಗಿಲು ಅಲ್ಲೇ, ಒಂದು ಗೋಣಿಪರದೆಯ ಆಚೆಗೆ ಇತ್ತು. ಯಜಮಾನರು ಒಮ್ಮೆಯೂ ಆ ಕಡೆ ಕಣ್ಣು ತಿರುಗಿಸಲಿಲ್ಲ. ನಾನೂ ತಿರುಗಿಸಲಿಲ್ಲ. ರಸ್ತೆಯಲ್ಲಿ ಬಸ್ಸುಗಳು ಓಡಾಡುತ್ತಿದ್ದವು. ಒಂದು ಬಸ್ಸು ನಿಧಾನ ಮಾಡಿ, ನೋಡಿ, ಮುಂದೆ ಹೋಯಿತು. ಕೊನೆಗೆ ಯಜಮಾನರ ಕಾಲು ಒದೆಯುವುದನ್ನು ನಿಲ್ಲಿಸಿತು. ಅದಾದ ಮೇಲೂ ಒಬ್ಬನು ಸರಳಿನಿಂದ ಹೊಡೆಯುತ್ತಲೇ ಇದ್ದ.

ಮಂಡ್ಯದ ಕೋರ್ಟಿಗೆ ಸಾಕ್ಷಿಯನ್ನು ನಾನೂ ಸಾಬರೂ ಜೊತೆಯಲ್ಲಿ ಕರೆದುಕೊಂಡು ಹೋದೆವು. ಯಜಮಾನರನ್ನು ಕೊಂದವರಲ್ಲಿ ಇಬ್ಬರು ಜಾಮೀನಿನ ಮೇಲೆ ಹೊರಗಿದ್ದರು, ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಕೂಲಿ ತನ್ನ ಬಲಗೈ ಎತ್ತಿ ತೋರಿಸಿದ. ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಸೌಟಿನಂತಾಗಿವೆ. ನಡೆದುದನ್ನೆಲ್ಲ ಒಂದೂ ಬಿಡದೆ ಹೇಳಿದ. ಆಮೇಲೆ ಆಲೆಮನೆಯವರ ವಕೀಲರು ಎದ್ದರು.

"ಇಷ್ಟು ದಿನ ಯಾರ ಮನೆಯಲ್ಲಿ ಊಟ ಮಾಡಿಕೊಂಡು ಇದ್ದೆಯಪ್ಪ? ಇದನ್ನೆಲ್ಲ ಹೇಳಿಕೊಟ್ಟವರು ಯಾರು?"

ಅವನು ತಲೆ ತಗ್ಗಿಸಿ ಕಟಕಟೆಯ ಮರವನ್ನು ಹಿಡಿದುಕೊಂಡ. ವಕೀಲರು ನ್ಯಾಯಾಧೀಶರ ಕಡೆ ತಿರುಗಿ, ನೋಡಿ ಸ್ವಾಮಿ, ಉತ್ತರವೇ ಇಲ್ಲ ಎಂದರು.

ಸಾಬರು ಎದ್ದು ನಿಂತರು. ಸರಿಯಾಗಿ ಕೂಡಿಕೊಳ್ಳದ ದವಡೆಯಿಂದ ಮಾತು ಸೊಟ್ಟಗೆ ಬಂತು.

"ನಮ್ಮನೇಲಿ ಸ್ವಾಮಿ. ಮದ್ದೂರ್ನಲ್ಲಿ. ನಮ್ಮನೇಲಿ ಉಣ್ತಾವ್ರೆ."

ಕೂತುಕೊಳ್ಳಿ ಎಂದು ನ್ಯಾಯಾಧೀಶರು ಗದರಿದರು. ಅಷ್ಟರಲ್ಲಿ ನಾನೂ ಎದ್ದಿದ್ದೆ.

"ಇವತ್ತು ಸಂಜೆಯಿಂದ ನಮ್ಮನೇಲಿ ಸ್ವಾಮಿ. ಮಳವಳ್ಳೀಲಿ."

ಹಿಂದಿನ ಬೆಂಚಿನವರು ಕತ್ತು ಉದ್ದ ಮಾಡಿ ನನ್ನ ಮುಖ ನೋಡಿದರು. ಚೆನ್ನಾಗಿ ನೋಡಿಕೊಳ್ಳಲಿ ಎಂದು ನಾನು ಸ್ವಲ್ಪ ಹೊತ್ತು ನಿಂತೇ ಇದ್ದೆ.