ಸೋಮಿಗೆಂದು ನೋಡಿದ ಮನೆ

ಚೆನ್ನಯ್ಯ ಹುಟ್ಟಿದ್ದು ಸುಂಟಿಕೊಪ್ಪದ ಆಚೆಗಿನ ಕಾಫಿ ಎಸ್ಟೇಟೊಂದರ ಲೈನ್ ಮನೆಯಲ್ಲಿ. ಒಂದೇ ಉದ್ದನೆಯ ಸೂರು, ಅದರಡಿಯಲ್ಲಿ ಗೋಡೆಗೆ ಗೋಡೆ ತಾಗಿಕೊಂಡ ಕೋಣೆಗಳು. ತೋಟದಲ್ಲಿ ಕೆಲಸ ಇರುವ ತನಕ ಕೋಣೆ ಇರುತ್ತದೆ. ಅವನ ಅಪ್ಪ ಅಲ್ಲೇ ತೀರಿಕೊಂಡ. ಮಗಳು ಶೋಭಿತಾ ಅಲ್ಲೇ ಹುಟ್ಟಿದಳು. ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದು ಚೆನ್ನಯ್ಯನ ಕೆಲಸವಾಗಿತ್ತು. ಮೊಣಕಾಲು ಮಡಿಸಲಾಗದ ವರ್ಷ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ನಂದೀಶ್ ಬಂದು, "ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯೋ ತನಕ ಇರು ಚೆನ್ನಯ್ಯ. ಆಮೇಲೆ ಕೆಲಸಕ್ಕೆ ಬರೋರಿಗೆ ರೂಮು ಬೇಕಾಯ್ತದೆ" ಎಂದ. ಕೆಟ್ಟದಾಗಿ ಹೇಳಲಿಲ್ಲ.

ಚೆನ್ನಯ್ಯನಿಗೆ ತನ್ನದೇನೂ ಚಿಂತೆ ಇರಲಿಲ್ಲ. ಚಿಂತೆ ಹೆಂಡತಿ ಸೋಮಿಯದು. ಅವಳಿಗೆ ಉಬ್ಬಸ. ಒಲೆಯ ಹೊಗೆ ಎದ್ದರೆ, ಗೋಡೆ ತೇವವಾದರೆ ಸಾಕು, ಇಡೀ ದಿನ ಎದೆ ಹಿಡಿದುಕೊಂಡು ಕೂರುತ್ತಿದ್ದಳು. ಶೋಭಿತಾ ಕುಶಾಲನಗರದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಮಳೆ ಹಿಡಿಯುವ ಮೊದಲು ಅಮ್ಮನನ್ನು ಒಳ್ಳೆಯ ಮನೆಗೆ ತರಬೇಕೆಂದು ಹಟ ಹಿಡಿದು ಹುಡುಕಿದಳು. ಸಿಕ್ಕಿತು ಕೂಡ. ಶಿರಂಗಾಲದಲ್ಲಿ ಹೊಲ ಮಾಡಿಸುತ್ತಿದ್ದ ಜಯಪ್ಪ ಪೇಟೆಯಲ್ಲಿ ಕಟ್ಟಿಸಿದ್ದ ಮನೆ. ಕೆಳಗೆ ಅವನೂ ಹೆಂಡತಿ ಕಾಂತಮ್ಮನೂ, ಮೇಲಿನದು ಬಾಡಿಗೆಗೆ. ಊರು, ಕೆಲಸ ಇಷ್ಟೇ ಕೇಳಿದರು. ಶೋಭಿತಾ ಇದ್ದದ್ದನ್ನೇ ಹೇಳಿದಳು. ನರ್ಸಿನ ಬಟ್ಟೆ, ಒಳ್ಳೆಯ ಮಾತು. ಉಳಿದದ್ದನ್ನು ಅವರೇ ಊಹಿಸಿಕೊಂಡಿದ್ದರು.

ಭಾನುವಾರ ಅಡ್ವಾನ್ಸ್ ಕೊಡಲೆಂದು ಮೂವರೂ ಹೋದರು. ಸೋಮಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಅಡುಗೆಮನೆಯ ನಲ್ಲಿ ತಿರುಗಿಸಿ ನಕ್ಕಳು.

"ಶೋಭಿನ ಅಪ್ಪ, ಇಲ್ಲಿ ಕೊಡ ಇಟ್ಕಂಡು ಸರದಿ ಕಾಯಂಗಿಲ್ಲ. ಇನ್ನು ನಾನು ಯಾರ ಜೊತೆ ಜಗಳ ಆಡ್ಲಿ?"

"ನಾನಿಲ್ವಾ?"

"ನಿನ್ ಜೊತೆ ಆಡಿ ಆಡಿ ಸಪ್ಪೆ ಆಗದೆ, ಬುಡು."

ಕೆಳಗಿಳಿದಾಗ ಜಯಪ್ಪ ಬಾಗಿಲಿಗೇ ಬಂದ. "ಒಳಗೆ ಬನ್ನಿ ಯಜಮಾನ್ರೆ. ಹೊಸಿಲಲ್ಲೇ ನಿಂತ್ಬಿಟ್ರಲ್ಲ, ನಮ್ಮನೇಲಿ ಕುರ್ಚಿಗೇನು ಬರವಾ?"

ಕಾಂತಮ್ಮ ಸ್ಟೀಲ್ ಲೋಟಗಳಲ್ಲಿ ಕಾಫಿ ತಂದಳು. "ಸಿಸ್ಟರ್ ಮೇಲೇ ಇದ್ರೆ ನನ್ನ ಬಿಪಿ ನೋಡಕ್ಕೆ ಆಸ್ಪತ್ರೆಗೆ ಹೋಗೋದು ತಪ್ತು, ಅಲ್ವೇನಕ್ಕಾ?" ಎಂದು ಸೋಮಿಯ ಪಕ್ಕದಲ್ಲೇ ಕೂತಳು.

ಕಾಫಿ ಮುಗಿಯಿತು. ಚೆನ್ನಯ್ಯ ಎದ್ದ. ಲೋಟ ಹಿಡಿದು ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ, ಅಂಗಳದ ನಲ್ಲಿಯಲ್ಲಿ ತೊಳೆದು, ಕಟ್ಟೆಯ ತುದಿಯಲ್ಲಿ ಬೋರಲಾಗಿ ಇಟ್ಟ. ಎಸ್ಟೇಟಿನ ಬಂಗಲೆಯ ಹಿಂದೆ ಅವನಂಥ ದಲಿತ ಆಳುಗಳಿಗೆ ಬೇರೆಯೇ ಲೋಟಗಳಿದ್ದವು. ಕುಡಿದವರು ತಾವೇ ತೊಳೆದು ಹಾಗೆ ಬೋರಲು ಹಾಕಬೇಕಿತ್ತು. ಅಪ್ಪ ಮಾಡಿದ್ದನ್ನು ನೋಡಿ ಅವನೂ ಜೀವಮಾನವೆಲ್ಲ ಹಾಗೇ ಮಾಡಿದ್ದ. ಇಲ್ಲಿ ಯಾರೂ ಹೇಳಿರಲಿಲ್ಲ. ಕೈ ತಾನಾಗಿ ಮಾಡಿತ್ತು.

ಉಳಿದ ಲೋಟಗಳನ್ನು ಎತ್ತುತ್ತಿದ್ದ ಕಾಂತಮ್ಮ ಕಿಟಕಿಯಿಂದ ನೋಡಿದಳು. ನೋಡುತ್ತಲೇ ನಿಂತಳು. ಸೋಮಿಯ ಕೈಯಲ್ಲಿದ್ದ ಲೋಟವನ್ನು ಕೇಳಲೂ ಇಲ್ಲ. ಒಳಗೆ ಹೋಗಿ, "ಏನ್ರೀ, ಇಲ್ಲಿ ಸ್ವಲ್ಪ ಬನ್ನಿ" ಎಂದು ಕರೆದದ್ದು ಶೋಭಿತಾಗೆ ಕೇಳಿಸಿತು.

ಜಯಪ್ಪ ಹೊರಬಂದಾಗ ಯಾರ ಮುಖವನ್ನೂ ನೋಡಲಿಲ್ಲ. "ಅಡ್ವಾನ್ಸ್ ಇವತ್ತು ಬೇಡ. ಫೋನ್ ಮಾಡ್ತೀನಿ."

ಮಾಡಿದ. "ಏನೂ ತಿಳ್ಕೋಬೇಡಿ ಸಿಸ್ಟರ್, ನಮ್ಮ ಭಾವಮೈದ ಬಂದು ಇರ್ತಾನಂತೆ." ಶೋಭಿತಾ ಆಸ್ಪತ್ರೆಯ ಗೆಳತಿ ಸೌಜನ್ಯಳ ಕೈಯಲ್ಲಿ ಅದೇ ನಂಬರಿಗೆ ಫೋನ್ ಮಾಡಿಸಿದಳು. ಮನೆ ಖಾಲಿಯಿದೆ, ಬಂದು ನೋಡಬಹುದು ಎಂದರು.

ಶೋಭಿತಾ ಅಪ್ಪನನ್ನು ವಕೀಲ ತೀರ್ಥಪ್ರಸಾದನ ಬಳಿ ಕರೆದುಕೊಂಡು ಹೋದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ. "ಅಸ್ಪೃಶ್ಯತೆ ಕಾರಣಕ್ಕೆ ಮನೇಲಿ ವಾಸ ಮಾಡೋದನ್ನ ತಡೆದ್ರೆ ಅಪರಾಧ. ಹಳೇ ಕಾನೂನೇ ಇದೆ. ಬಾಯಲ್ಲಿ ಜಾತಿ ಹೆಸರು ತೆಗೀಲಿಲ್ಲ ಅಂತ ಅವರು ಸುಲಭಕ್ಕೆ ತಪ್ಪಿಸ್ಕೊಳ್ಳೋ ಹಾಗಿಲ್ಲ. ಆದ್ರೆ ಅವತ್ತು ಏನಾಯ್ತು ಅಂತ ನಿಮ್ಮಪ್ಪ ಹೇಳ್ಬೇಕು."

ಚೆನ್ನಯ್ಯ ಆಗದೆಂದು ತಲೆಯಾಡಿಸಿಬಿಟ್ಟ. "ಆಯಮ್ಮ ಕುರ್ಚಿ ಮೇಲೆ ಕೂರಿಸಿ ಕಾಫಿ ಕೊಟ್ಟವ್ರೆ ಸಾರ್. ನನ್ನನ್ನ ಯಾರೂ ಹಂಗೆ ಕೂರಿಸಿರ್ನಿಲ್ಲ. ಅಂತೋರ ಮೇಲೆ ಏನಂತ ಹೇಳ್ಲಿ? ತಪ್ಪು ನಂದು. ಲೋಟ ಅಲ್ಲೇ ಇಟ್ಟು ಬಂದಿದ್ರೆ ಮನೆ ಸಿಗ್ತಿತ್ತು."

"ಇಟ್ಟು ಬಂದಿದ್ರೆ ಸಿಗ್ತಿದ್ದ ಮನೆ ತೊಳೆದಿದ್ದಕ್ಕೆ ಹೋಯ್ತು ಅಂದ್ರೆ, ತಪ್ಪು ನಿಂದು ಹೆಂಗಪ್ಪಾ?" ಎಂದಳು ಶೋಭಿತಾ.

ಅವನು ಎದ್ದು ಬಸ್ಸಿಗೆಂದು ಹೊರಗೆ ನಡೆದ.

ಇನ್ನಷ್ಟು ಮನೆ ನೋಡಿದರು. ಕೆಲವರು ಫೋನಿನಲ್ಲೇ "ನೀವು ಯಾವ ಜನ?" ಎಂದು ಕೇಳಿದರು, ಶೋಭಿತಾ ಹೇಳಿದಳು, ಆ ಕಡೆಯವರು ಫೋನ್ ಇಟ್ಟರು. ಪಿಕ್ಕಿಂಗ್ ಮುಗಿಯಿತು. ಶೋಭಿತಾ ಇದ್ದ ಹಾಸ್ಟೆಲಿನಲ್ಲಿ ಹೆತ್ತವರಿಗೆ ಜಾಗವಿರಲಿಲ್ಲ. ಸೋಮಿಯ ತಮ್ಮ ಗುರುವಪ್ಪ ಸರ್ಕಾರಿ ಪೈಸಾರಿಯಲ್ಲಿ, ಯಾರ ಹೆಸರಿನಲ್ಲೂ ಇಲ್ಲದ ಗುಡ್ಡದ ಇಳಿಜಾರಿನಲ್ಲಿ, ಟಾರ್ಪಾಲು ಕಟ್ಟಿಕೊಂಡಿದ್ದ. ಅದರ ಪಕ್ಕದಲ್ಲೇ ಇವರೂ ಒಂದು ಕಟ್ಟಿಕೊಂಡರು.

ಮಳೆ ಶುರುವಾಯಿತು. ಟಾರ್ಪಾಲಿನ ಕೆಳಗೆ ನೆಲ ಒಣಗಲೇ ಇಲ್ಲ. ಸೋಮಿ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಕೂತೇ ಕಣ್ಣು ಮುಚ್ಚುತ್ತಿದ್ದಳು. ಅವಳ ಬೆನ್ನಿಗೆ ತನ್ನ ಬೆನ್ನು ಆನಿಸಿ ಚೆನ್ನಯ್ಯ ಕೂರುತ್ತಿದ್ದ.

"ಮರದ ಮೇಲಿದ್ರೆ ಇಡೀ ತೋಟಕ್ಕೆ ಕೇಳಂಗೆ ಕೂಗ್ತಿದ್ದೆ," ಎಂದಳು ಒಮ್ಮೆ, ಮಾತು ಮಾತಿಗೂ ಉಸಿರೆಳೆದು. "ಕೆಳಗಿಳಿದ್ರೆ ನಿನ್ ಬಾಯಿಗೆ ಏನಾಯ್ತದೋ."

"ಸುಮ್ನಿರು. ದಮ್ಮು ಕಟ್ತದೆ."

"ಸುಮ್ನಿರೋದು ನಿಂಗೆ ಚೆಂದಾಗಿ ಬತ್ತದೆ. ನಂಗೆ ಬರಾಕಿಲ್ಲ."

ಆಷಾಢದ ಒಂದು ಮಧ್ಯಾಹ್ನ, ಸೋಮಿಯನ್ನು ಆಸ್ಪತ್ರೆಗೆ ಒಯ್ಯಲು ಕರೆಸಿದ ಜೀಪು ಗುಡ್ಡದ ಮೇಲೆ ಹತ್ತಲಾರದೆ ಕೆಸರಿನಲ್ಲಿ ನಿಂತಿತು. ಗುರುವಪ್ಪನೂ ಚೆನ್ನಯ್ಯನೂ ಅವಳನ್ನು ಕಂಬಳಿಯಲ್ಲಿ ಎತ್ತಿಕೊಂಡು ಇಳಿದರು. ಆಸ್ಪತ್ರೆಯ ಬಾಗಿಲಲ್ಲಿ ಶೋಭಿತಾ ಕಾಯುತ್ತಿದ್ದಳು. ಕೈ ಹಿಡಿದು ನಾಡಿ ನೋಡಿದವಳು ಆ ಕೈಯನ್ನು ಬಿಡಲೇ ಇಲ್ಲ. ಜೀವ ದಾರಿಯಲ್ಲೇ ಹೋಗಿತ್ತು.

ತಿಥಿ ಮುಗಿದ ಮೇಲೆ ಚೆನ್ನಯ್ಯ ತಾನಾಗಿಯೇ ಹೊರಟ. ಎಲ್ಲಿಗೆಂದು ಕೇಳದೆ ಶೋಭಿತಾ ಜೊತೆಗೆ ನಡೆದಳು.

"ತಡ ಆಗಿದೆ," ಎಂದ ತೀರ್ಥಪ್ರಸಾದ್. "ಅವರು ಬೇರೆಯವರಿಗೆ ಕೊಟ್ಟಾಗಿದೆ. ಕೇಸು ಹಾಕ್ಬೋದು. ಗೆದ್ದರೂ ಆ ಮನೆ ನಿಮಗೆ ಬರಲ್ಲ."

"ಗೊತ್ತು ಸಾರ್. ಮನೆ ಬೇಕಾಗಿದ್ದೋಳು ಈಗ ಇಲ್ಲ."

"ಮತ್ತೆ?"

"ನಾನು ಹೇಳ್ನಿಲ್ಲ. ಅವಳು ಕೊನೇವರೆಗೂ ಅದನ್ನೇ ಅಂತಿದ್ಲು. ಈಗ ಹೇಳ್ತೀನಿ."

ವಕೀಲ ಪೆನ್ನು ತೆಗೆದುಕೊಂಡ. "ಸರಿ. ಆ ಭಾನುವಾರದಿಂದ ಹೇಳಿ."

ಚೆನ್ನಯ್ಯ ಗಂಟಲು ಸರಿಮಾಡಿಕೊಂಡ. "ಮೂರೂ ಜನ ಹೋದ್ವಿ. ನನ್ ಹೆಂಡ್ತಿ ಮೊದಲು ಹತ್ತಿದ್ಲು. ಮನೆ ಅವಳಿಗೆ ಒಪ್ಪಿಗೆ ಆಯ್ತು ಸಾರ್..."

ಅಲ್ಲಿಗೆ ಮಾತು ನಿಲ್ಲಿಸಿಬಿಟ್ಟ. ಮುಂದಿನದನ್ನು ಶೋಭಿತಾ ಹೇಳಬಹುದಿತ್ತು. ಅವಳಿಗೆ ಎಲ್ಲವೂ ಗೊತ್ತಿತ್ತು. ಹೇಳಲಿಲ್ಲ. ಅಪ್ಪನ ಪಕ್ಕದಲ್ಲಿ ಕಾಯುತ್ತ ಕೂತಳು.